ಮಿಲ್ಲಿನ ಜಾಗದಲ್ಲಿ ಮೊಹಲ್ಲಾ ಬರುತ್ತದೆಯೇ?

ಚೆನ್ನೈಯ ಪುಳಿಯಂತೋಪಿನಲ್ಲಿ ನನ್ನ ಮಾಮೂ ಇದ್ದಾರೆ. ಟೇಲರ್ ಕೆಲಸ. ಬಾಡಿಗೆ ಮನೆ, ಮುಂದಿನ ಕೋಣೆಯಲ್ಲೇ ಮಷೀನು. ಅವರ ಬಾಲ್ಯದಲ್ಲಿ ಮನೆಯಲ್ಲಿ ಗಡಿಯಾರ ಇರಲಿಲ್ಲವಂತೆ, ಬೇಕಾಗಿಯೂ ಇರಲಿಲ್ಲವಂತೆ. ಬಿನ್ನಿ ಮಿಲ್ಲಿನ ಸೈರನ್ ಕೂಗಿದರೆ ಇಡೀ ಬೀದಿಗೆ ಹೊತ್ತು ಗೊತ್ತಾಗುತ್ತಿತ್ತು. ಈಗ ಸೈರನ್ ಇಲ್ಲ, ಮಿಲ್ಲೂ ಇಲ್ಲ. ಆ ಕಡೆ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳು ಎದ್ದಿವೆ, ಈ ಕಡೆ ಮೆಟ್ರೋ ಕಾಮಗಾರಿ ನಡೆಯುತ್ತಿದೆ. ಕಳೆದ ಬೇಸಿಗೆ ರಜೆಯಲ್ಲಿ ಹೋಗಿದ್ದಾಗ, "ಮೆಟ್ರೋ ಬಂದರೆ ನಿಮಗೆ ಒಳ್ಳೇದೇ ಅಲ್ವಾ ಮಾಮೂ?" ಅಂತ ಕೇಳಿದೆ. ಕತ್ತರಿ ಕೆಳಗಿಟ್ಟು ಉರ್ದುವಿನಲ್ಲೇ ಹೇಳಿದರು: "ಒಳ್ಳೇದೇ ಬೇಟಾ. ಆದರೆ ಅದು ಬರೋ ಹೊತ್ತಿಗೆ ನಾವು ಇಲ್ಲಿ ಇರ್ತೀವಾ? ಮೆಟ್ರೋ ಶುರುವಾದ ಮೇಲೆ ಬಾಡಿಗೆ ಬೇರೆ ಅಂತ ಮನೆ ಮಾಲೀಕರು ಈಗಲೇ ಹೇಳಿದ್ದಾರೆ."

ಓದುಗರೇ, ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ಹಳೆಯ ಕಾರ್ಖಾನೆಯ ಜಾಗವನ್ನು ಬಸ್ಸು, ರೈಲಿಗೆ ಹತ್ತಿರವಿರುವ, ಕಾಲ್ನಡಿಗೆಯಲ್ಲೇ ಎಲ್ಲ ಕೆಲಸ ಮುಗಿಸಬಹುದಾದ ಬಡಾವಣೆಯಾಗಿ ಮಾಡಬೇಕು ಎಂದು ನಗರ ಯೋಜಕರು ಹೇಳುತ್ತಾರೆ. ಇದಕ್ಕೆ 'ಸಾರಿಗೆ ಆಧಾರಿತ ಅಭಿವೃದ್ಧಿ' ಎಂದು ಹೆಸರು. ವಿಚಾರ ಒಳ್ಳೆಯದು, ನಾನು ಅದರ ವಿರೋಧಿಯಲ್ಲ. ಆದರೆ ನಿಲ್ದಾಣದ ಪಕ್ಕ ಎತ್ತರದ ಕಟ್ಟಡ ಕಟ್ಟಿದ ಮಾತ್ರಕ್ಕೆ ಅದು ನಡೆದಾಡುವ ಊರಾಗುವುದಿಲ್ಲ. ಆ ಜಾಗದ ಒಳಗೆ ಎಲ್ಲರಿಗೂ ದಾರಿ ಇದೆಯೇ? ಮೊದಲಿಂದ ಅಲ್ಲೇ ನಡೆಯುತ್ತಿದ್ದವರು ಅಲ್ಲಿಯೇ ಉಳಿಯುತ್ತಾರೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು.

ಮಿಲ್ಲು ಕಟ್ಟಿದ ಊರು

ಮೊದಲು ಸ್ವಲ್ಪ ಇತಿಹಾಸ. ಬ್ರಿಟಿಷ್ ಕಾಲದ ಬಿನ್ನಿ ಕಂಪನಿ ಮದರಾಸಿನ ಪೆರಂಬೂರು ಭಾಗದಲ್ಲಿ ಎರಡು ಬಟ್ಟೆ ಮಿಲ್ಲುಗಳನ್ನು ಕಟ್ಟಿತು. 1870ರ ದಶಕದ ಕೊನೆಯಲ್ಲಿ ಬಕಿಂಗ್‌ಹ್ಯಾಮ್ ಮಿಲ್ಲು, 1880ರ ದಶಕದ ಆರಂಭದಲ್ಲಿ ಕರ್ನಾಟಿಕ್ ಮಿಲ್ಲು. 1920ರಲ್ಲಿ ಎರಡೂ ಒಂದಾಗಿ 'ಬಿ ಅಂಡ್ ಸಿ ಮಿಲ್' ಎಂದೇ ಜನರ ಬಾಯಲ್ಲಿ ಉಳಿಯಿತು. ಪೆರಂಬೂರು, ಪುಳಿಯಂತೋಪು, ವ್ಯಾಸರಪಾಡಿ, ಓಟೇರಿ ಈ ಮಿಲ್ಲಿನ ಸುತ್ತ ಬೆಳೆದ ಕೇರಿಗಳು. ದಲಿತರು, ಹಿಂದುಳಿದ ಜಾತಿಗಳವರು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಆ ಕೇರಿಗಳಲ್ಲಿದ್ದರು.

ಇಲ್ಲೇ 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಭಾರತದ ಮೊದಲ ಸಂಘಟಿತ ಕಾರ್ಮಿಕ ಸಂಘ ಎಂದು ಅದನ್ನು ಕರೆಯುತ್ತಾರೆ. ಬಿ.ಪಿ. ವಾಡಿಯಾ ಅದರ ಅಧ್ಯಕ್ಷರು. ತಮಿಳಿನ ದೊಡ್ಡ ಬರಹಗಾರ ತಿರು.ವಿ.ಕ. ಅದರ ಮುಂದಾಳುಗಳಲ್ಲಿ ಒಬ್ಬರು. ಮಧ್ಯಾಹ್ನದ ಊಟಕ್ಕೆ ಕೊಡುವ ಬಿಡುವು ತೀರ ಕಡಿಮೆ ಎಂಬುದು ಕಾರ್ಮಿಕರ ದೂರುಗಳಲ್ಲಿ ಮುಖ್ಯವಾದದ್ದು. ಊಟಕ್ಕೆ ಎಷ್ಟು ನಿಮಿಷ ಎಂಬ ಪ್ರಶ್ನೆಯಿಂದ ಒಂದು ಚಳವಳಿ ಬೆಳೆಯಿತು ನೋಡಿ.

ಕಹಿಯಾದದ್ದನ್ನೂ ಹೇಳಬೇಕು. 1921ರಲ್ಲಿ ದೊಡ್ಡ ಮುಷ್ಕರ ತಿಂಗಳುಗಟ್ಟಲೆ ನಡೆಯಿತು. ಕೆಲಸಕ್ಕೆ ಮರಳಿದ ಆದಿದ್ರಾವಿಡ ಕಾರ್ಮಿಕರ ಮತ್ತು ಹೊರಗೆ ನಿಂತ ಸವರ್ಣ ಹಿಂದೂ, ಮುಸ್ಲಿಂ ಕಾರ್ಮಿಕರ ನಡುವೆ ಜಗಳ ಎದ್ದಿತು. ಪುಳಿಯಂತೋಪಿನ ಗುಡಿಸಲುಗಳಿಗೆ ಬೆಂಕಿ ಬಿತ್ತು. ನಮ್ಮವರೂ ಆ ಜಗಳದ ಒಂದು ಪಕ್ಷದಲ್ಲಿದ್ದರು ಎಂಬುದನ್ನು ಮುಚ್ಚಿಡಬಾರದು. ಅಕ್ಕಪಕ್ಕ ಮನೆ ಮಾಡಿದ ಮಾತ್ರಕ್ಕೆ ಜನ ನೆರೆಹೊರೆಯವರಾಗುವುದಿಲ್ಲ. ಯಾರಿಗೆ ಕೆಲಸ, ಯಾರಿಗೆ ಮನೆ, ಯಾರಿಗೆ ಇಲ್ಲ ಎಂಬುದರಲ್ಲಿ ನ್ಯಾಯ ಇರಬೇಕು. ಈ ಪಾಠ ಇಂದಿನ ಯೋಜನೆಗಳಿಗೂ ಬೇಕಾಗುತ್ತದೆ.

1996ರಲ್ಲಿ ಮಿಲ್ಲು ಮುಚ್ಚಿತು. ಆಮೇಲೆ ಬಹಳ ವರ್ಷ ಆ ಖಾಲಿ ಶೆಡ್ಡುಗಳಲ್ಲಿ ತಮಿಳು ಸಿನಿಮಾ ಶೂಟಿಂಗ್ ನಡೆಯುತ್ತಿತ್ತು. ಹೊಡೆದಾಟದ ದೃಶ್ಯ ಎಂದರೆ ಬಿನ್ನಿ ಮಿಲ್. ಈಗ ಸುಮಾರು 60 ಎಕರೆಯಷ್ಟು ಜಾಗದಲ್ಲಿ ಬಹುಮಹಡಿ ಮನೆಗಳು, ಮಾರುಕಟ್ಟೆ ಎಲ್ಲ ಬರುತ್ತಿವೆ.

ಹತ್ತು ನಿಮಿಷದ ಲೆಕ್ಕ

ಇನ್ನು 'ಸಾರಿಗೆ ಆಧಾರಿತ' ಎಂದರೇನು ಎಂದು ನೋಡೋಣ. ಕೇಂದ್ರ ಸರ್ಕಾರ 2017ರಲ್ಲಿ ಇದಕ್ಕಾಗಿ ರಾಷ್ಟ್ರೀಯ ನೀತಿ ತಂದಿತು. ಮೆಟ್ರೋ ಅಥವಾ ರೈಲು ನಿಲ್ದಾಣದಿಂದ 500ರಿಂದ 800 ಮೀಟರ್ ಒಳಗಿನ ಪ್ರದೇಶವನ್ನು, ಅಂದರೆ 10-12 ನಿಮಿಷದಲ್ಲಿ ನಡೆದು ತಲುಪುವಷ್ಟು ದೂರವನ್ನು, ಅದು ನಿಲ್ದಾಣದ ಪ್ರಭಾವ ವಲಯ ಎನ್ನುತ್ತದೆ. ಆ ವಲಯದಲ್ಲಿ ಹೆಚ್ಚು ಮಹಡಿ ಕಟ್ಟಲು ಬಿಡಿ. ಮನೆ, ಅಂಗಡಿ, ಶಾಲೆ, ಕಚೇರಿ ಒಟ್ಟಿಗಿರಲಿ. ಜನ ಕಾರು ಬಿಟ್ಟು ನಡೆಯಲಿ ಎಂಬುದು ಅದರ ತಿರುಳು.

ಪೆರಂಬೂರು ಭಾಗ ಇದಕ್ಕೆ ಹೇಳಿ ಮಾಡಿಸಿದ ಜಾಗ. ದಕ್ಷಿಣ ಭಾರತದ ಮೊದಲ ರೈಲು 1856ರಲ್ಲಿ ಹೊರಟಿದ್ದು ಹತ್ತಿರದ ರಾಯಪುರಂನಿಂದ. ಪೆರಂಬೂರಿನ ರೈಲು ಬೋಗಿ ಕಾರ್ಖಾನೆ 1955ರಿಂದ ಇದೆ. ಪೆರಂಬೂರು, ವ್ಯಾಸರಪಾಡಿ ಜೀವಾ, ಬೇಸಿನ್ ಬ್ರಿಜ್ ಎಂದು ಸಾಲಾಗಿ ಲೋಕಲ್ ರೈಲಿನ ನಿಲ್ದಾಣಗಳಿವೆ. ಮೆಟ್ರೋ ಎರಡನೇ ಹಂತದಲ್ಲಿ ಮಾಧವರಂನಿಂದ ಸಿಪ್‌ಕಾಟ್‌ವರೆಗೆ ಹೋಗುವ ಸುಮಾರು 45 ಕಿಲೋಮೀಟರ್ ಮಾರ್ಗವೂ ಪೆರಂಬೂರನ್ನು ಹಾದು ಹೋಗುತ್ತದೆ.

ಈಗ ಒಂದು ಪುಟ್ಟ ಲೆಕ್ಕ. ವಿದ್ಯಾರ್ಥಿಗಳು ನೋಟ್‌ಬುಕ್ಕಿನಲ್ಲಿ ಮಾಡಿ ನೋಡಿ. 60 ಎಕರೆ ಎಂದರೆ ಸುಮಾರು 2 ಲಕ್ಷ 43 ಸಾವಿರ ಚದರ ಮೀಟರ್. ಅದನ್ನು ಚೌಕ ಎಂದುಕೊಂಡರೆ ಒಂದೊಂದು ಬದಿಯೂ ಹೆಚ್ಚುಕಡಿಮೆ 490 ಮೀಟರ್. ಚೌಕದ ಒಂದು ಪಕ್ಕದಲ್ಲಿ ನಿಮ್ಮ ಮನೆ, ಎದುರು ಪಕ್ಕದಲ್ಲಿ ನಿಲ್ದಾಣ ಇದೆ ಎನ್ನಿ. ನಡುವೆ ಸಾರ್ವಜನಿಕ ರಸ್ತೆ ಇದ್ದರೆ 490 ಮೀಟರ್ ನಡೆದರೆ ಸಾಕು. ನಿಮಿಷಕ್ಕೆ 80 ಮೀಟರ್ ನಡೆಯುವವರಿಗೆ ಆರು ನಿಮಿಷದ ದಾರಿ. ರಸ್ತೆ ಇಲ್ಲದೆ ಸುತ್ತಲೂ ಕಾಂಪೌಂಡ್ ಗೋಡೆ, ಗೇಟು, ವಾಚ್‌ಮನ್ ಇದ್ದರೆ? ಗೋಡೆ ಬಳಸಿ ಹೋಗಬೇಕು. ದಾರಿ 980 ಮೀಟರ್ ಆಗುತ್ತದೆ, ಹನ್ನೆರಡು ನಿಮಿಷಕ್ಕೂ ಹೆಚ್ಚು. ನಕ್ಷೆಯ ಮೇಲೆ ಕೈವಾರ ಇಟ್ಟು ವೃತ್ತ ಎಳೆದರೆ ನಿಮ್ಮ ಮನೆ ಪ್ರಭಾವ ವಲಯದ ಒಳಗೇ ಇದೆ. ಕಾಲಿನ ಲೆಕ್ಕದಲ್ಲಿ ಹೊರಗೆ ಬಿದ್ದಿದೆ. ಕೈಯಲ್ಲಿ ಮಗು, ಹೆಗಲಿಗೆ ಚೀಲ, ಚೆನ್ನೈಯ ಮೇ ತಿಂಗಳ ಬಿಸಿಲು ಇದ್ದರೆ ಆ ಆರು ನಿಮಿಷದ ವ್ಯತ್ಯಾಸವೇ ಆಟೋ ಹತ್ತಿಸುತ್ತದೆ.

ಆದ್ದರಿಂದ ಯಾವುದೇ ಯೋಜನೆಯ ಬ್ರೋಷರಿನಲ್ಲಿ 'ಮೆಟ್ರೋಗೆ ಐದೇ ನಿಮಿಷ' ಎಂದು ಓದಿದಾಗ, ಅದು ಒಳಗಿರುವವರ ಐದು ನಿಮಿಷವೋ, ಹಿಂದಿನ ಬೀದಿಯವರದ್ದೂ ಹೌದೋ ಎಂದು ಕೇಳಿ.

ಲಂಡನ್ ಏನು ಮಾಡಿತು, ಮುಂಬೈ ಏನು ಮಾಡಿತು

ಇದೇ ಅಳತೆಯ ಒಂದು ಜಾಗ ಲಂಡನ್ನಿನಲ್ಲಿದೆ. ಕಿಂಗ್ಸ್ ಕ್ರಾಸ್ ನಿಲ್ದಾಣದ ಹಿಂದಿನ ಹಳೆಯ ಗೂಡ್ಸ್ ಯಾರ್ಡು, 67 ಎಕರೆ. ಅಲ್ಲಿ ಕಟ್ಟಡಗಳ ಜೊತೆಗೆ 20 ಹೊಸ ಬೀದಿಗಳನ್ನು, 10 ಪಾರ್ಕು-ಚೌಕಗಳನ್ನು ಯೋಜನೆಯಲ್ಲೇ ಸೇರಿಸಿದರು. ಒಟ್ಟು ಜಾಗದಲ್ಲಿ ಸುಮಾರು 26 ಎಕರೆ ಬಯಲಾಗಿಯೇ ಉಳಿಯಿತು. ಹಳೆಯ ಕಾಳಿನ ಗೋದಾಮು ಈಗ ಕಲಾ ಕಾಲೇಜು. ಯಾರು ಬೇಕಾದರೂ ಒಳಗೆ ನಡೆದು ಆಚೆ ಹೋಗಬಹುದು. ಹಾಗಂತ ಅಲ್ಲಿ ಎಲ್ಲ ಸರಿ ಇದೆ ಎಂದಲ್ಲ. ಆ ಬೀದಿ, ಚೌಕಗಳ ಒಡೆತನ ಖಾಸಗಿಯವರದ್ದು. ಕಡಿಮೆ ಬೆಲೆಯ ಮನೆಗಳ ಸಂಖ್ಯೆ ಮೊದಲು ಒಪ್ಪಿದ್ದಕ್ಕಿಂತ ಕಡಿಮೆಯಾಯಿತು. ದಾರಿಯ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿತು, ಮನೆಯ ಪ್ರಶ್ನೆಗೆ ಅರ್ಧ ಉತ್ತರ.

ಮುಂಬೈ ಕಥೆ ಇನ್ನೂ ಹತ್ತಿರದ್ದು. 1982ರ ದೊಡ್ಡ ಮುಷ್ಕರದ ನಂತರ ಅಲ್ಲಿನ ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. 1991ರಲ್ಲಿ ಬಂದ ನಿಯಮವೊಂದು ಮಿಲ್ ಜಾಗವನ್ನು ಮೂರು ಪಾಲು ಮಾಡಿತು. ಒಂದು ಪಾಲು ನಗರಕ್ಕೆ ಬಯಲು ಜಾಗವಾಗಿ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದ ಪಾಲು ಮಾಲೀಕರಿಗೆ. ಎಷ್ಟು ನ್ಯಾಯವಾಗಿತ್ತು ನೋಡಿ. ಆದರೆ 2001ರಲ್ಲಿ ನಿಯಮ ಬದಲಾಯಿತು. ಇಡೀ ಜಾಗವಲ್ಲ, ಕಟ್ಟಡ ಇಲ್ಲದ ಖಾಲಿ ಭಾಗವನ್ನು ಮಾತ್ರ ಮೂರು ಪಾಲು ಮಾಡಿದರೆ ಸಾಕು ಎಂದಾಯಿತು. ಮಿಲ್ಲು ಎಂದರೆ ತುಂಬ ಶೆಡ್ಡುಗಳೇ ಅಲ್ಲವೇ? ಖಾಲಿ ಭಾಗ ಎಷ್ಟಿರುತ್ತದೆ? ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 2006ರಲ್ಲಿ ಬದಲಾದ ನಿಯಮವೇ ಉಳಿಯಿತು. ನಗರಕ್ಕೆ, ಬಡವರಿಗೆ ಸಿಗಬೇಕಾಗಿದ್ದ ಪಾಲು ಕುಗ್ಗಿ ಹೋಯಿತು. ನಿಯಮದ ಒಂದೆರಡು ಪದ ಬದಲಾದರೆ ಒಂದು ಊರಿನ ಹಣೆಬರಹವೇ ಬದಲಾಗುತ್ತದೆ ಎಂದು ಮಕ್ಕಳಿಗೆ ಪೌರನೀತಿ ಪಾಠದಲ್ಲಿ ಹೇಳುವಾಗ ನಾನು ಇದೇ ಉದಾಹರಣೆ ಕೊಡುತ್ತೇನೆ.

ನಮ್ಮ ಬೆಂಗಳೂರೂ ಹೊರತಲ್ಲ. ಬಿನ್ನಿ ಕಂಪನಿಯದ್ದೇ ಇನ್ನೊಂದು ಮಿಲ್ಲು ಬೆಂಗಳೂರಿನಲ್ಲಿತ್ತು. ಬಿನ್ನಿಪೇಟೆ ಎಂಬ ಹೆಸರು ಅದರಿಂದಲೇ ಬಂದದ್ದು. ಅಲ್ಲೂ ಈಗ ಮಾಲು, ಅಪಾರ್ಟ್‌ಮೆಂಟು. ಮಾಗಡಿ ರಸ್ತೆಯ ಮೆಟ್ರೋ ನಿಲ್ದಾಣ 2015ರಲ್ಲಿ ತೆರೆಯಿತು. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ದೊಡ್ಡ ಮಾಲು ಬಂತು, 2014ರಲ್ಲಿ ಅದರ ಪಕ್ಕಕ್ಕೇ ಸಂಪಿಗೆ ರಸ್ತೆ ಮೆಟ್ರೋ ಬಂತು. ನಿಲ್ದಾಣದಿಂದ ಮಾಲಿಗೆ ನೇರ ದಾರಿ ಇದೆ. ರೈಲಿನ ಪಕ್ಕ ಜನ ಸೇರುವ ಜಾಗ ಬಂದಿರುವುದು ನಿಜ. ಆದರೆ ಮಾಲಿನಲ್ಲಿ ಯಾರೂ ವಾಸ ಮಾಡುವುದಿಲ್ಲ, ರಾತ್ರಿ ಶಟರ್ ಎಳೆದ ಮೇಲೆ ಅದು ಬೀದಿಯೂ ಅಲ್ಲ.

ಮನೆ ಮತ್ತು ಮಣ್ಣು

ಮನೆಯ ವಿಷಯಕ್ಕೆ ಬರೋಣ. ನಿಲ್ದಾಣದ ಹತ್ತಿರ ಜಾಗದ ಬೆಲೆ ಏರುತ್ತದೆ. ಮನೆ ಇದ್ದವರಿಗೆ ಲಾಭ, ಬಾಡಿಗೆಗೆ ಇರುವವರಿಗೆ ಹೊರಗೆ ಹೋಗುವ ದಾರಿ. ವಿಪರ್ಯಾಸ ಏನೆಂದರೆ ಬಸ್ಸು, ರೈಲನ್ನು ಅತಿ ಹೆಚ್ಚು ನಂಬಿದವರು ಇದೇ ಬಾಡಿಗೆಯವರು. ಅವರು ಊರ ಅಂಚಿಗೆ ಹೋಗಿ, ಅವರ ಜಾಗಕ್ಕೆ ಎರಡು ಕಾರು ಇರುವ ಕುಟುಂಬ ಬಂದರೆ ರೈಲು ಹತ್ತುವವರು ಯಾರು? ಈ ಕಾರಣಕ್ಕೇ 2017ರ ನೀತಿ, ಪ್ರಭಾವ ವಲಯದಲ್ಲಿ ಕಟ್ಟಲು ಅನುಮತಿಸಿದ ವಿಸ್ತೀರ್ಣದಲ್ಲಿ ಕನಿಷ್ಠ ಶೇ. 30ರಷ್ಟು ಕೈಗೆಟುಕುವ ಮನೆಗಳಿಗೆ ಇರಲಿ ಎಂದು ಹೇಳುತ್ತದೆ. ನೀತಿ ಎಂದರೆ ಸಲಹೆ. ಅದನ್ನು ನಿಯಮ ಮಾಡಬೇಕಾದವರು ರಾಜ್ಯದವರು, ನಗರದವರು.

ದೂರ ಕಳಿಸಿದರೆ ಏನಾಗುತ್ತದೆ ಎಂದು ಚೆನ್ನೈಗೆ ಚೆನ್ನಾಗಿ ಗೊತ್ತು. 2000ದ ನಂತರ ನದಿ ದಂಡೆಯ, ನಗರದ ನಡುವಿನ ಬಡ ಕುಟುಂಬಗಳನ್ನು ಕಣ್ಣಗಿ ನಗರ, ಪೆರುಂಬಾಕ್ಕಂನಂಥ ದಕ್ಷಿಣದ ಅಂಚಿನ ಬಡಾವಣೆಗಳಿಗೆ ಸಾಗಿಸಿದರು. 2015ರ ಪ್ರವಾಹದ ನಂತರ ಇನ್ನಷ್ಟು ಮಂದಿ ಹೋದರು. ಪುಳಿಯಂತೋಪಿನಿಂದ ಪೆರುಂಬಾಕ್ಕಂಗೆ 20 ಕಿಲೋಮೀಟರಿಗೂ ಹೆಚ್ಚು. ಮನೆಗೆಲಸಕ್ಕೆ ಹೋಗುವ ಹೆಂಗಸು, ಮಂಡಿಯಲ್ಲಿ ಮೂಟೆ ಹೊರುವವನು ಕೂಲಿಯ ಒಂದು ಭಾಗವನ್ನು ಬಸ್ಸಿಗೇ ಕೊಡಬೇಕು, ಇಲ್ಲ ಕೆಲಸವನ್ನೇ ಬಿಡಬೇಕು. ಸೂರು ಸಿಕ್ಕಿತು, ಅದರ ಜೊತೆಗಿದ್ದ ಕೆಲಸ ಹೋಯಿತು. ಇದ್ದ ಜಾಗದಲ್ಲೇ ಕಟ್ಟಿಕೊಡುವುದು ಇದಕ್ಕಿಂತ ಎಷ್ಟೋ ಮೇಲು. ಪುಳಿಯಂತೋಪಿನ ಕೆ.ಪಿ. ಪಾರ್ಕಿನಲ್ಲಿ ಹಾಗೆ ಸರ್ಕಾರಿ ಬಹುಮಹಡಿ ಮನೆಗಳು ಬಂದವು. ಆದರೆ 2021ರಲ್ಲಿ ಹೊಸ ಗೋಡೆಯ ಗಾರೆ ಕೈಯಲ್ಲಿ ಕೆರೆದರೆ ಉದುರುತ್ತದೆ ಎಂದು ದೊಡ್ಡ ಸುದ್ದಿಯಾಯಿತು. ಜಾಗ ಸರಿ ಇದ್ದರೆ ಸಾಲದು, ಗೋಡೆಯೂ ಗಟ್ಟಿ ಇರಬೇಕು.

ಇನ್ನೊಂದು ವಿಷಯ ಮಣ್ಣು. ಕಾರ್ಖಾನೆ ಮುಚ್ಚಿದರೂ ಅದು ನೆಲಕ್ಕೆ ಬಿಟ್ಟದ್ದು ಉಳಿದಿರುತ್ತದೆ. ಬಣ್ಣ, ಎಣ್ಣೆ, ಕ್ರೋಮಿಯಂ, ಸೀಸ. ವಾಣಿಯಂಬಾಡಿ, ಆಂಬೂರು ಕಡೆ ನೆಂಟರಿರುವ ಓದುಗರಿಗೆ ಚರ್ಮ ಹದ ಮಾಡುವ ಕೆಲಸವೂ ಗೊತ್ತು, ಅದು ನೀರಿಗೆ ಮಾಡುವ ಹಾನಿಯೂ ಗೊತ್ತು. ಅದೇ ಸೀಮೆಯ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯ ಕಸದ ರಾಶಿ ದಶಕಗಳ ಮೇಲೂ ಅಂತರ್ಜಲಕ್ಕೆ ವಿಷ ಇಳಿಸುತ್ತಿತ್ತು. ಹಾಗಾಗಿ ಕೈಗಾರಿಕೆ ಇದ್ದ ಜಾಗದಲ್ಲಿ ಮನೆ ಕಟ್ಟುವ ಮೊದಲು ಮಣ್ಣು ಪರೀಕ್ಷೆ, ಬೋರ್‌ವೆಲ್ ನೀರಿನ ಪರೀಕ್ಷೆ ಆಗಲೇಬೇಕು. ವರದಿ ಎಲ್ಲಿದೆ ಎಂದು ಕೇಳುವುದು ಮನೆ ಕೊಳ್ಳುವವರ ಹಕ್ಕು, ಪಕ್ಕದ ಕೇರಿಯವರ ಹಕ್ಕು ಕೂಡ.

ಮೊಹಲ್ಲಾ ಎಂಬ ಪದ

ಉರ್ದು ಪಾಠ ಮಾಡುವಾಗ 'ಮೊಹಲ್ಲಾ' ಪದ ಬಂದರೆ ನಾನು ಸ್ವಲ್ಪ ನಿಲ್ಲುತ್ತೇನೆ. ಅರಬಿಯಿಂದ ಬಂದ ಪದ ಅದು, ಮೂಲದಲ್ಲಿ ಇಳಿದುಕೊಳ್ಳುವುದು, ತಂಗುವುದು ಎಂಬ ಅರ್ಥ. ಕನ್ನಡದ ಕೇರಿ, ಪೇಟೆ ಪದಗಳೂ ಇದರ ಸೋದರರೇ. ಮಸೀದಿ, ಗುಡಿ, ಕಿರಾಣಿ ಅಂಗಡಿ, ಶಾಲೆ, ಹಿಟ್ಟಿನ ಗಿರಣಿ ಎಲ್ಲ ಕಾಲಳತೆಯಲ್ಲಿ ಇದ್ದರೆ ಅದು ಮೊಹಲ್ಲಾ. ಚೆನ್ನೈಯ ಚಿಂತಾದ್ರಿಪೇಟೆ 1730ರ ದಶಕದಲ್ಲಿ ನೇಕಾರರಿಗಾಗಿ ಎಬ್ಬಿಸಿದ ಪೇಟೆ. ಮನೆಯಲ್ಲೇ ಮಗ್ಗ, ಬಾಗಿಲಲ್ಲೇ ಬೀದಿ. ಆದ್ದರಿಂದ ಯೋಜಕರು ಇಂದು ಹೊಸದೆಂದು ಹೇಳುವ ಕಾಲ್ನಡಿಗೆಯ ಬಡಾವಣೆ ನಮ್ಮ ಜನಕ್ಕೆ ಹೊಸದೇನಲ್ಲ. ಮಿಲ್ಲಿನ ಕೇರಿಗಳವರು ನೂರು ವರ್ಷ ಹಾಗೆಯೇ ನಡೆದು ಬದುಕಿದ್ದಾರೆ. ಅವರಿಗೆ ಇಲ್ಲದೇ ಇದ್ದದ್ದು ಚರಂಡಿ, ಫುಟ್‌ಪಾತು, ಬೀದಿದೀಪ, ಗಟ್ಟಿ ಸೂರು. ಅದನ್ನು ಕೊಡುವುದು ಬಿಟ್ಟು, ಅವರನ್ನೇ ತೆಗೆದು ಬೇರೆಯವರಿಗೆ ನಡೆಯುವ ಹಾದಿ ಮಾಡಿಕೊಟ್ಟರೆ ಅದು ಅಭಿವೃದ್ಧಿ ಹೇಗಾಗುತ್ತದೆ, ನೀವೇ ಹೇಳಿ.

ನಾವು ಏನು ಮಾಡಬಹುದು?

ಮಾಡಬಹುದಾದದ್ದು ಇದೆ. ಚೆನ್ನೈ ನಗರಸಭೆ 2014ರಲ್ಲೇ ಪಾದಚಾರಿ ಮತ್ತು ಸೈಕಲ್ಲಿಗಾಗಿ ಪ್ರತ್ಯೇಕ ನೀತಿ ಒಪ್ಪಿಕೊಂಡಿತು. 2019ರಲ್ಲಿ ಪಾಂಡಿ ಬಜಾರಿನಲ್ಲಿ ಅಗಲವಾದ ನಡೆದಾರಿ ಮಾಡಿ ತೋರಿಸಿತು. ಅಂಗಡಿ ಬೀದಿಗೆ ಸಾಧ್ಯವಾದದ್ದು ಮಿಲ್ಲಿನ ಕೇರಿಗೂ ಸಾಧ್ಯ. ತಮಿಳುನಾಡಿನ ಕಟ್ಟಡ ನಿಯಮಗಳ ಪ್ರಕಾರ 10,000 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ರಸ್ತೆ ಬಿಟ್ಟು ಉಳಿದದ್ದರಲ್ಲಿ ಶೇ. 10ರಷ್ಟನ್ನು ಸಾರ್ವಜನಿಕ ಬಯಲಾಗಿ ಬಿಟ್ಟುಕೊಡಬೇಕು. 60 ಎಕರೆಗೆ ಲೆಕ್ಕ ಹಾಕಿದರೆ ಐದು ಎಕರೆಯ ಆಸುಪಾಸು ಬರುತ್ತದೆ. ಆ ಪಾರ್ಕು ಎಲ್ಲಿದೆ, ಅದರ ಬಾಗಿಲು ಯಾವ ಬೀದಿಗೆ ತೆರೆಯುತ್ತದೆ ಎಂದು ಕೇಳಿ ತಿಳಿಯಬಹುದು. ಚೆನ್ನೈಗೆ 2027ರಿಂದ 2046ರವರೆಗಿನ ಮೂರನೇ ಮಹಾಯೋಜನೆ ಸಿದ್ಧವಾಗುವ ಕಾಲ ಇದು. ಅಂಥ ಕರಡು ಬಂದಾಗ ಜನರ ಆಕ್ಷೇಪಣೆ, ಸಲಹೆ ಕೇಳಲೇಬೇಕೆಂದು ಕಾನೂನಿದೆ. ಕರ್ನಾಟಕದಲ್ಲೂ ಹಾಗೆಯೇ. ಆಕ್ಷೇಪಣೆ ಬರೆಯಲು ವಕೀಲರೇ ಬೇಕಾಗಿಲ್ಲ. 'ನಮ್ಮ ಬೀದಿಯಿಂದ ನಿಲ್ದಾಣಕ್ಕೆ ಈ ಜಾಗದ ಮೂಲಕ ಸಾರ್ವಜನಿಕ ದಾರಿ ಬೇಕು' ಎಂಬ ಒಂದು ವಾಕ್ಯ, ಜೊತೆಗೆ ಕೈಯಲ್ಲಿ ಬರೆದ ಒಂದು ನಕ್ಷೆ ಸಾಕು. ಎಸ್ಸೆಸ್ಸೆಲ್ಸಿ ಮಕ್ಕಳೂ ಬರೆಯಬಲ್ಲರು.

ಇದು ಬರೀ ಚೆನ್ನೈಯ ಮಾತಲ್ಲ. ನನ್ನ ಊರು ಬಂಗಾರಪೇಟೆಯ ಕಡೆ. ಪಕ್ಕದ ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಸೈನೈಡ್ ಮಣ್ಣಿನ ದಿಬ್ಬಗಳು ಇನ್ನೂ ಅಲ್ಲಿವೆ. ಮಾರಿಕುಪ್ಪಂನಿಂದ ಮುಂಜಾನೆ ಹೊರಡುವ ರೈಲಿನಲ್ಲಿ ಸಾವಿರಾರು ಮಂದಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಅಲ್ಲಿ ಜಾಗವೂ ಇದೆ, ರೈಲೂ ಇದೆ, ಜನರೂ ಇದ್ದಾರೆ. ನಾಳೆ ಆ ಜಾಗಕ್ಕೂ ಒಂದು ದೊಡ್ಡ ನಕ್ಷೆ ಬರುತ್ತದೆ. ಆಗ ಅದರ ಮೇಲೆ ಬೆರಳಿಟ್ಟು ಕೇಳುವವರು ನಮ್ಮಲ್ಲಿರಬೇಕು. ದಾರಿ ಎಲ್ಲಿದೆ? ಇದ್ದವರಿಗೆ ಮನೆ ಎಲ್ಲಿದೆ? ಮಣ್ಣು ಪರೀಕ್ಷೆಯ ವರದಿ ಎಲ್ಲಿದೆ?

ಹೊರಡುವ ದಿನ ಮಾಮೂ ನನ್ನನ್ನು ಪೆರಂಬೂರು ನಿಲ್ದಾಣದವರೆಗೆ ನಡೆದೇ ಬಿಟ್ಟು ಬಂದರು. ಆಟೋ ಕರೆಯೋಣ ಎಂದರೆ ಕೇಳಲಿಲ್ಲ. "ಈ ದಾರಿ ನನಗೆ ಬಾಯಿಪಾಠ" ಎಂದು ನಕ್ಕರು. ಮೆಟ್ರೋ ಬರಲಿ, ಅಪಾರ್ಟ್‌ಮೆಂಟೂ ಬರಲಿ. ಬರುವ ಹೊತ್ತಿಗೆ ಆ ದಾರಿ ಬಾಯಿಪಾಠ ಇರುವವರೂ ಅಲ್ಲಿಯೇ ಇರಲಿ.